ಕತ್ತರಿ ಹಿಡಿದ ಕೈ ಯಾವ ಪಕ್ಷಕ್ಕೆ?

ಪುತ್ತೂರಿನವಳಾದ ನಾನು ಪೆನ್ಸಿಲ್ವೇನಿಯಾದಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಸರ್ಜನ್‌ಗಳ ಮಾತು ತೆರಿಗೆ, ರೋಗಿಗಳು ಹಾಕುವ ಕೇಸುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಮಕ್ಕಳ ವಾರ್ಡಿಗೆ ಹೋದರೆ ಬಡವರ ವಿಮೆಯದ್ದೇ ಚಿಂತೆ.

ಇದು ನಮ್ಮ ಆಸ್ಪತ್ರೆಯೊಂದರ ಕತೆಯಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಮತದಾರ ತನ್ನ ಪಕ್ಷವನ್ನೂ ನೋಂದಾಯಿಸಬಹುದು. ಸಂಶೋಧಕರಾದ ಐತಾನ್ ಹರ್ಶ್ ಮತ್ತು ಮ್ಯಾಥ್ಯೂ ಗೋಲ್ಡನ್‌ಬರ್ಗ್ ಆ ದಾಖಲೆಯನ್ನು ವೈದ್ಯರ ಪಟ್ಟಿಯೊಂದಿಗೆ ತಾಳೆ ಹಾಕಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಕ್ಷ ನಮೂದಿಸಿದ ಸರ್ಜನ್‌ಗಳಲ್ಲಿ, ಅರಿವಳಿಕೆ ವೈದ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರಿಪಬ್ಲಿಕನ್ನರು, ಅಂದರೆ ಸಂಪ್ರದಾಯವಾದಿಗಳ ಕಡೆಯವರು. ಮನೋವೈದ್ಯರು, ಮಕ್ಕಳ ವೈದ್ಯರಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಪಾಲು ಡೆಮಾಕ್ರಟರು, ಉದಾರವಾದಿಗಳ ಕಡೆಯವರು.

ಹಾಗಾದರೆ ಕತ್ತರಿಯೇ ಮನಸ್ಸನ್ನೂ ತಿದ್ದಿತೇ? ಮೊದಲು ಸಂಬಳ ನೋಡಿ. ಹೆಚ್ಚು ಸಂಬಳದ ವಿಭಾಗಗಳು ತೆರಿಗೆ ಇಳಿಸುತ್ತೇವೆನ್ನುವ ರಿಪಬ್ಲಿಕನ್ ಪಕ್ಷದತ್ತ ವಾಲುತ್ತವೆ. ಮಕ್ಕಳ ವೈದ್ಯರಲ್ಲಿ ಹೆಂಗಸರೇ ಹೆಚ್ಚು. ಇಲ್ಲಿನ ಹೆಂಗಸರ ಒಲವು ಒಟ್ಟಾರೆ ಡೆಮಾಕ್ರಟರ ಕಡೆಗಿದೆ. ಕೆಲವರು ತಮ್ಮ ಸ್ವಭಾವಕ್ಕೆ ಒಗ್ಗುವ ವಿಭಾಗವನ್ನೇ ಆರಿಸಿಕೊಂಡಿರಲೂಬಹುದು.

ಇದು ಬರೀ ಹರಟೆಯ ವಿಷಯವೂ ಅಲ್ಲ. ಅದೇ ಸಂಶೋಧಕರ ಅಧ್ಯಯನದಲ್ಲಿ ರಿಪಬ್ಲಿಕನ್ ವೈದ್ಯರು ರೋಗಿಯ ಗಾಂಜಾ ಸೇವನೆಯನ್ನು ಹೆಚ್ಚು ಗಂಭೀರವಾಗಿ ಕಂಡರೆ, ಡೆಮಾಕ್ರಟರು ಮನೆಯಲ್ಲಿ ಬಂದೂಕು ಇರುವುದನ್ನು ಹಾಗೆ ಕಂಡರು. ಮದ್ಯಪಾನದಂಥ ವಿಷಯದಲ್ಲಿ ಅಂಥ ಭೇದ ಕಾಣಲಿಲ್ಲ.

ಆದರೆ ಸರಾಸರಿ ಯಾರ ಜಾತಕವೂ ಅಲ್ಲ. ಮೂವರಲ್ಲಿ ಇಬ್ಬರು ಅತ್ತ ಎಂದರೆ ಒಬ್ಬರು ಇತ್ತ. ನಮ್ಮ ಥಿಯೇಟರಿನಲ್ಲೂ ಅಂಥವರಿದ್ದಾರೆ. ಗೌನು ನೋಡಿ ಮತ ಊಹಿಸಿದರೆ ಆಗಾಗ ತಪ್ಪುವುದು ಖಂಡಿತ.