ಹರಿದುಬರುವ ಹಾಡು ಯಾರ ಸೊತ್ತು?

ಹಾಡು ಕೇಳಿದರೆ ತಪ್ಪೇನು? ತಾನು ಕೇಳಿ ಆನಂದಿಸಿದ ಹಾಡನ್ನು ಗೆಳೆಯನಿಗೂ ಕಳುಹಿಸಿಕೊಟ್ಟರೆ ಅಪರಾಧವೇನು? ಮೇಲ್ನೋಟಕ್ಕೆ ಈ ಪ್ರಶ್ನೆಗಳು ನಗೆ ತರಿಸಬಹುದು. ಆದರೆ ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಗೆ ಹೋಗಿಬರುವ ಬಸ್ಸುಗಳಲ್ಲಿ ದಿನವೂ ತಾಸುಗಟ್ಟಲೆ ಕಳೆಯುವ ದುಡಿಮೆಗಾರರ ಕಿವಿಗಳಲ್ಲಿ ಮೊಳಗುವ ಒಂದೊಂದು ಹಾಡಿಗೂ ಒಬ್ಬ ಒಡೆಯನುಂಟು. ಆ ಒಡೆಯನ ಬೆನ್ನಿಗೆ ಒಂದು ಕಾನೂನುಂಟು. ಆ ಕಾನೂನಿನ ಕೈಯಲ್ಲಿ ಸೆರೆಮನೆಯ ಬೀಗದಕೈಯೂ ಉಂಟು. 2010ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಗಣಕೋದ್ಯಮಕ್ಕೆ ಈ ಸಂಗತಿ ಥಟ್ಟನೆ ಮನವರಿಕೆಯಾಯಿತು.

ದಾರಿ ತೋರಿಸಿದವನ ಪಾಡು

ದೆಹಲಿಯ ಐಐಟಿಯಲ್ಲಿ ಕಲಿತ ತರುಣರು 2006ರಲ್ಲಿ ಬೆಂಗಳೂರಿನಲ್ಲಿ ‘ಗುರೂಜಿ ಡಾಟ್ ಕಾಂ’ ಎಂಬ ಶೋಧತಾಣವೊಂದನ್ನು ಆರಂಭಿಸಿದರು. ಭಾರತೀಯ ಭಾಷೆಗಳಲ್ಲಿಯೂ ಹುಡುಕಲು ಅನುಕೂಲ ಕಲ್ಪಿಸಿದ್ದು ಅದರ ಹೆಗ್ಗಳಿಕೆ. ಹಾಡುಗಳನ್ನು ಹುಡುಕಿಕೊಡುವ ವಿಭಾಗವೂ ಅದರಲ್ಲಿತ್ತು. ಟಿ-ಸೀರೀಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಧ್ವನಿಮುದ್ರಣ ಸಂಸ್ಥೆಯು ಇದರ ವಿರುದ್ಧ ದೂರು ಕೊಟ್ಟಿತು. ಬೆಂಗಳೂರಿನ ಪೋಲೀಸರು ಗುರೂಜಿಯ ಮುಖ್ಯಾಧಿಕಾರಿಯನ್ನೂ ಇತರ ಕೆಲವು ಅಧಿಕಾರಿಗಳನ್ನೂ ಬಂಧಿಸಿದರು. ಸಂಗೀತದ ಶೋಧ ನಿಂತುಹೋಯಿತು. ಮುಂದೆ ಆ ತಾಣವೇ ಕಣ್ಮರೆಯಾಯಿತು.

ಬಂಧನವಾದ ಮಾತ್ರಕ್ಕೆ ಅಪರಾಧ ಸಿದ್ಧವಾದಂತಲ್ಲ. ಆದರೂ ಆ ಪ್ರಸಂಗ ಎತ್ತಿದ ಪ್ರಶ್ನೆ ಇಂದಿಗೂ ವಿಚಾರಾರ್ಹವಾದುದು. ಕಳ್ಳಮಾಲಿನ ಅಂಗಡಿಗೆ ದಾರಿ ತೋರಿಸಿದವನು ಕಳ್ಳನೇ? ಊರಿನ ಎಲ್ಲ ಅಂಗಡಿಗಳಿಗೂ ದಾರಿ ಹೇಳುವವನು ಅರಿಯದೆ ಅದನ್ನೂ ಹೇಳಿದ್ದರೆ ಒಂದು ಮಾತು. ಅದು ಕಳ್ಳಮಾಲೆಂದು ತಿಳಿದೂ ದಾರಿಯುದ್ದಕ್ಕೂ ಜಾಹೀರಾತು ಕಟ್ಟಿ ಹಣ ಸಂಪಾದಿಸಿದ್ದರೆ ಇನ್ನೊಂದು ಮಾತು. ಈ ಎರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ನ್ಯಾಯಾಲಯಗಳ ಮುಂದಿರುವ ಸಮಸ್ಯೆ.

ಕಡಲಾಚೆಯ ತೀರ್ಪುಗಳು

ಅಮೆರಿಕದಲ್ಲಿ ಈ ಸಮಸ್ಯೆ ಮೊದಲೇ ತಲೆದೋರಿತ್ತು. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ತರುಣನು ‘ನ್ಯಾಪ್‌ಸ್ಟರ್’ ಎಂಬ ವ್ಯವಸ್ಥೆಯನ್ನು ರೂಪಿಸಿದನು. ಹಾಡುಗಳು ಜನರ ಗಣಕಯಂತ್ರಗಳಲ್ಲಿಯೇ ಇರುತ್ತಿದ್ದುವು. ಯಾರ ಬಳಿ ಯಾವ ಹಾಡಿದೆಯೆಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರ್ ಬಳಿ ಇರುತ್ತಿತ್ತು. ‘ಹಾಡು ನನ್ನಲ್ಲಿಲ್ಲ, ಪಟ್ಟಿಯಷ್ಟೇ ಇದೆ’ ಎಂಬ ಸಮಾಧಾನ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2001ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದರ ವಿರುದ್ಧ ಅಭಿಪ್ರಾಯವಿತ್ತಿತು. ಅದೇ ಜುಲೈನಲ್ಲಿ ಹಂಚಿಕೆ ನಿಂತಿತು. ಅನಂತರ ಬಂದ ‘ಗ್ರಾಕ್‌ಸ್ಟರ್’ ಪಟ್ಟಿಯನ್ನೂ ಇಟ್ಟುಕೊಳ್ಳಲಿಲ್ಲ. ಆದರೆ ಸ್ವಾಮ್ಯಭಂಗಕ್ಕೆ ಜನರನ್ನು ಪ್ರೇರೇಪಿಸುವವನೂ ಹೊಣೆಗಾರನೇ ಎಂದು 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಾರಿತು.

ನಮ್ಮ ಕಾನೂನು ಏನೆನ್ನುತ್ತದೆ?

ನಮ್ಮಲ್ಲಿ ಈ ವಿಷಯಕ್ಕೆ ಆಧಾರ 1957ರ ಕೃತಿಸ್ವಾಮ್ಯ ಕಾಯಿದೆ. ಗ್ರಾಮಫೋನ್ ತಟ್ಟೆಗಳ ಕಾಲದಲ್ಲಿ ಹುಟ್ಟಿದ ಈ ಕಾಯಿದೆಗೆ 2012ರಲ್ಲಿ ಅಂತರ್ಜಾಲಕ್ಕೆ ತಕ್ಕ ತಿದ್ದುಪಡಿಗಳಾದುವು. ಕೃತಿಯ ಒಡೆಯನು ಲಿಖಿತ ದೂರು ಕೊಟ್ಟರೆ, ತನ್ನಲ್ಲಿ ಅದನ್ನು ತಾತ್ಕಾಲಿಕವಾಗಿ ಇರಿಸಿಕೊಂಡು ದಾಟಿಸುವ ಮಧ್ಯವರ್ತಿ ತಾಣವು 36 ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು. ಒಡೆಯನು 21 ದಿನಗಳೊಳಗೆ ನ್ಯಾಯಾಲಯದ ಆಜ್ಞೆ ತರದಿದ್ದರೆ ತಾಣವು ಹಾಡನ್ನು ಮತ್ತೆ ತೆರೆದಿಡಬಹುದು.

ಟಿ-ಸೀರೀಸ್ ಸಂಸ್ಥೆಯು ‘ಮೈಸ್ಪೇಸ್’ ಎಂಬ ತಾಣದ ಮೇಲೆ ಹೂಡಿದ ದಾವೆಯಲ್ಲಿ 2016ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಇನ್ನಷ್ಟು ಸ್ಪಷ್ಟತೆ ತಂದಿತು. ‘ತಾಣದಲ್ಲಿ ಎಲ್ಲೋ ಕದ್ದ ಹಾಡುಗಳಿರಬಹುದು’ ಎಂಬ ಸಾಮಾನ್ಯ ಸಂದೇಹ ಸಾಲದು. ಇಂಥ ಹಾಡು ಇಂಥಲ್ಲಿದೆ ಎಂಬ ನಿರ್ದಿಷ್ಟ ತಿಳಿವಳಿಕೆ ಇದ್ದೂ ಸುಮ್ಮನಿದ್ದರೆ ಮಾತ್ರ ತಾಣವು ಹೊಣೆಯಾಗುತ್ತದೆ. ಈ ತತ್ತ್ವ 2010ರಲ್ಲೇ ನೆಲೆಗೊಂಡಿದ್ದರೆ ಗುರೂಜಿಯ ವಿಷಯದಲ್ಲಿ ಪೋಲೀಸರಿಗಿಂತ ಮೊದಲು ಒಂದು ನೋಟೀಸು ಬಂದಿರುತ್ತಿತ್ತೇನೋ!

ಆದರೆ ಶಿಕ್ಷೆಯ ಭಾಗ ಇಂದಿಗೂ ಕಠಿಣವಾಗಿಯೇ ಇದೆ. ತಿಳಿದೂ ಸ್ವಾಮ್ಯಭಂಗ ಮಾಡಿದವನಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ. ಲಾಭದ ಉದ್ದೇಶವಿಲ್ಲದಿದ್ದಲ್ಲಿ ನ್ಯಾಯಾಧೀಶರು ಕಾರಣ ಬರೆದು ಇದನ್ನು ಇಳಿಸಬಹುದು. ಇದು ಜಾಮೀನು ಹಕ್ಕಾಗಿ ದೊರೆಯದ ಅಪರಾಧವೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ನಮ್ಮ ರಾಜ್ಯವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವ್ಯಾಪಾರಕ್ಕಾಗಿ ಬೇಕೆಂದೇ ಸ್ವಾಮ್ಯಭಂಗ ಮಾಡುವವರನ್ನು 2014ರಲ್ಲಿ ಗೂಂಡಾ ಕಾಯಿದೆಯ ವ್ಯಾಪ್ತಿಗೆ ಸೇರಿಸಿತು. ಹಾಡು ಕದಿಯುವವನೂ ಹಾದಿಬೀದಿಯಲ್ಲಿ ಹೊಡೆಯುವವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ನ್ಯಾಯದ ಪ್ರಮಾಣ ಎಷ್ಟಿರಬೇಕೆಂಬುದಕ್ಕೆ ಬೆಂಗಳೂರಿನದೇ ಇನ್ನೊಂದು ನಿದರ್ಶನವಿದೆ. ‘ಕೆಜಿಎಫ್’ ಎರಡನೆಯ ಭಾಗದ ಸಂಗೀತವನ್ನು ಭಾರತ್ ಜೋಡೋ ಯಾತ್ರೆಯ ಪ್ರಚಾರದಲ್ಲಿ ಬಳಸಲಾಗಿದೆಯೆಂದು ಇಲ್ಲಿಯ ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದಾವೆ ಹೂಡಿತು. 2022ರ ನವೆಂಬರ್ 7ರಂದು ವಾಣಿಜ್ಯ ನ್ಯಾಯಾಲಯವು ಕಾಂಗ್ರೆಸ್ ಪಕ್ಷದ ಟ್ವಿಟ್ಟರ್ ಖಾತೆಯನ್ನೇ ತಡೆಹಿಡಿಯಲು ಆಜ್ಞಾಪಿಸಿತು. ಮರುದಿನವೇ ಹೈಕೋರ್ಟು, ವಿವಾದಿತ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತು ವಿಧಿಸಿ, ಆ ಆಜ್ಞೆಯನ್ನು ರದ್ದುಪಡಿಸಿತು. ಮುಳ್ಳು ಚುಚ್ಚಿದರೆ ಮುಳ್ಳನ್ನು ತೆಗೆಯಬೇಕೇ ಹೊರತು ಕಾಲನ್ನೇ ಕತ್ತರಿಸಬಾರದಷ್ಟೆ!

ಒಂದು ಹಾಡು, ಮೂವರು ಒಡೆಯರು

ಇಷ್ಟೆಲ್ಲ ಬಿಗಿ ಏತಕ್ಕೆಂದು ಓದುಗರು ಕೇಳಬಹುದು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾದ ‘ನಿತ್ಯೋತ್ಸವ’ ಹೊರಬಂದುದು 1978ರಲ್ಲಿ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ವರ್ಷದ ತರುವಾಯ 60 ವರ್ಷ, ಎಂದರೆ 2038ರ ಕೊನೆಯವರೆಗೆ ಇರುತ್ತದೆ. ಸಾಹಿತ್ಯದ ಹಾಗೂ ಸ್ವರಸಂಯೋಜನೆಯ ಹಕ್ಕುಗಳಾದರೋ ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತವೆ. ಸ್ವರ ಕೂಡಿಸಿದ ಮೈಸೂರು ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ಕವಿ ನಿಸಾರ್ ಅಹಮದರು 2020ರಲ್ಲಿ ತೀರಿಕೊಂಡರು. ಆದುದರಿಂದ ರಾಗಕ್ಕೆ 2055ರ ಕೊನೆಯವರೆಗೂ, ಕವಿತೆಗೆ 2080ರ ಕೊನೆಯವರೆಗೂ ಒಡೆತನವುಂಟು.

ಹಿಂದೆ ಧ್ವನಿಮುದ್ರಣದ ಕಂಪನಿಗಳು ಒಂದೇ ಬಾರಿ ಹಣ ಕೊಟ್ಟು ಕವಿಯ ಹಕ್ಕೆಲ್ಲವನ್ನೂ ಬರೆಸಿಕೊಳ್ಳಬಹುದಾಗಿತ್ತು. ಹಾಡು ನಾಡೆಲ್ಲ ಮೊಳಗಿದರೂ ಬರೆದವನ ಮನೆಗೆ ಮತ್ತೆ ಕಾಸು ಬಾರದು. ಈ ಅನ್ಯಾಯದ ವಿರುದ್ಧ ಸಂಸತ್ತಿನಲ್ಲಿ ಜಾವೇದ್ ಅಖ್ತರ್ ಧ್ವನಿಯೆತ್ತಿದರು. ಚಲನಚಿತ್ರಕ್ಕೆ ಬರೆದ ಗೀತೆಯೂ ಚಿತ್ರಮಂದಿರದ ಹೊರಗೆ ಬಳಕೆಯಾದಾಗ ಅದರ ಗೌರವಧನದಲ್ಲಿ ಕರ್ತೃವಿಗೆ ಸಮಪಾಲು ಸಲ್ಲಬೇಕೆಂದೂ ಅದನ್ನು ಆತನು ಬಿಟ್ಟುಕೊಡಲಾಗದೆಂದೂ 2012ರ ತಿದ್ದುಪಡಿ ವಿಧಿಸಿತು. ಹೀಗಾಗಿ ಕದ್ದು ಹಂಚಿದ ಹಾಡಿನಿಂದ ನಷ್ಟವಾಗುವುದು ದೊಡ್ಡ ಕಂಪನಿಗಷ್ಟೇ ಅಲ್ಲ. ಪದ ಬರೆದವನ ಮತ್ತು ರಾಗ ಕೂಡಿಸಿದವನ ಪಾಲೂ ಅದರೊಡನೆ ಹೋಗುತ್ತದೆ.

ಗೃಹಸ್ಥರಿಗೆ ನಾಲ್ಕು ಮಾತು

ಕೊಂಡ ತಟ್ಟೆಯಿಂದ ಸ್ವಂತ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಪ್ರತಿ ಮಾಡಿಕೊಳ್ಳುವುದಕ್ಕೆ ಕಾನೂನಿನ ಆಸರೆಯಿದೆ. ನೆರೆಮನೆಯವರಿಗೆ ಆ ತಟ್ಟೆಯನ್ನೇ ಕೇಳಲು ಕೊಟ್ಟರೂ ದೋಷವಿಲ್ಲ. ಆದರೆ ಅದೇ ಹಾಡನ್ನು ಅಂತರ್ಜಾಲದಲ್ಲಿ ಊರಿಗೆಲ್ಲ ತೆರೆದಿಟ್ಟರೆ, ಅಥವಾ ಕಛೇರಿಯ ಗಣಕಯಂತ್ರದ ಮೂಲಕ ನೂರಾರು ಜನರಿಗೆ ಪ್ರತಿ ಹಂಚಿದರೆ, ‘ಸ್ವಂತ ಉಪಯೋಗ’ವೆಂಬ ಸಬೂಬು ನಡೆಯದು. ಹಣ ಪಡೆಯಲಿಲ್ಲವೆಂದ ಮಾತ್ರಕ್ಕೆ ಹಂಚಿಕೆ ಸಕ್ರಮವಾಗುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಆಯುಧಪೂಜೆಯ ಹೊತ್ತಿಗೆ ಭಕ್ತಿಗೀತೆ ಹಾಕುವುದಕ್ಕೆ ಅಡ್ಡಿಯಿಲ್ಲ, ಏಕೆಂದರೆ ನಿಜವಾದ ಧಾರ್ಮಿಕ ಕಾರ್ಯಕ್ಕೂ ಮದುವೆಯ ಸಂಭ್ರಮಕ್ಕೂ ಕಾಯಿದೆ ವಿನಾಯಿತಿ ಕೊಟ್ಟಿದೆ. ಸಂಜೆಯ ವಾದ್ಯಗೋಷ್ಠಿಗೆ ಮಾತ್ರ ಆ ವಿನಾಯಿತಿ ತಾನಾಗಿಯೇ ವಿಸ್ತರಿಸದು.

ಹಾಡು ಹೊಳೆಯಂತೆ ಹರಿಯಬೇಕು, ನಿಜ. ಆದರೆ ಹೊಳೆಗೂ ಒಂದು ಮೂಲವಿರುತ್ತದೆ. ಆ ಮೂಲವೇ ಬತ್ತಿದರೆ ಕೊಡ ಹಿಡಿದು ನಿಂತವರೆಲ್ಲ ಬರಿಗೈಯಲ್ಲಿ ಮರಳಬೇಕಾದೀತು. ಲಾಭಕ್ಕಾಗಿ ಕದಿಯುವವನಿಗೆ ದಂಡನೆಯಾಗಲಿ. ಅರಿಯದೆ ದಾರಿ ತೋರಿದವನಿಗೆ ಮೊದಲು ತಿಳಿವಳಿಕೆಯ ಪತ್ರ ಹೋಗಲಿ. ಕೇಳುವವರು ನ್ಯಾಯವಾದ ಬೆಲೆ ತೆತ್ತು ಕೇಳಲಿ. ಈ ಮೂರೂ ಒಟ್ಟಿಗೆ ನಡೆದರೆ ಮಾತ್ರ ನಾಳಿನ ಕವಿಗೂ ಗಾಯಕನಿಗೂ ಈ ನಗರದಲ್ಲಿ ಬಾಳಲು ಎಡೆ ದೊರೆತೀತು.