ಊರು ಬದಲಿಸಿದ ಚಾಪೆಲ್

ಬ್ರಿಟನ್ನಿನ ಭೂಪಟ ತೆಗೆದು ಎಡಗಡೆ ನೋಡಿ ಮಕ್ಕಳೇ. ಐರ್ಲೆಂಡಿನ ಕಡೆಗೆ ಮುಖ ಚಾಚಿಕೊಂಡಿರುವ ನಾಡೇ ವೇಲ್ಸ್. ಅದರ ರಾಜಧಾನಿ ಕಾರ್ಡಿಫ್. ಊರಾಚೆಯ ಸೇಂಟ್ ಫೇಗನ್ಸ್‌ನಲ್ಲಿ 1948ರಲ್ಲಿ ಶುರುವಾದ ಒಂದು ಬಯಲು ವಸ್ತುಸಂಗ್ರಹಾಲಯವಿದೆ. ಅಲ್ಲಿ ಗಾಜಿನ ಬೀರುವಿನಲ್ಲಿ ವಸ್ತುಗಳನ್ನು ಜೋಡಿಸಿಟ್ಟಿರುವುದಷ್ಟೇ ಅಲ್ಲ. ವೇಲ್ಸ್‌ನ ಮೂಲೆಮೂಲೆಯಿಂದ ಇಡೀ ಕಟ್ಟಡಗಳನ್ನೇ ಕಳಚಿ ತಂದು, ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಟಿಕೆಟ್ಟೂ ಇಲ್ಲ. ನಿವೃತ್ತ ಬ್ಯಾಂಕ್ ಗುಮಾಸ್ತನಾದ ನನಗೆ ಇದು ಮೊದಲು ಗಮನಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳ ಜೊತೆ ಅಲ್ಲಿ ಒಂದು ದಿನವೆಲ್ಲ ಸುತ್ತಿದೆ. ಹೆಚ್ಚು ಹೊತ್ತು ನಿಂತದ್ದು ಪೆನ್‌ರಿಯು ಎಂಬ ಪುಟ್ಟ ಚಾಪೆಲ್‌ನಲ್ಲಿ. ಇದರ ಮೂಲ ಊರು ನೂರು ಕಿಲೋಮೀಟರಿಗೂ ದೂರದ ಡ್ರೆವಾಖ್ ವೆಲಿಂದ್ರೆ, ಉಣ್ಣೆ ನೇಯ್ಗೆಗೆ ಹೆಸರಾದ ಹಳ್ಳಿ. ಹೊರಗಿನಿಂದ ನೋಡಿದರೆ ದೇವರ ಮನೆ ಎಂದು ಯಾರೂ ಹೇಳಲಾರರು. ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಕಲ್ಲಿನ ಗೋಡೆ, ಸ್ಲೇಟು ಕಲ್ಲಿನ ಮಾಡು. ಮೊದಲು ಅದು ರೈತರ ಕೊಟ್ಟಿಗೆಯಾಗಿತ್ತಂತೆ.

1777ರಲ್ಲಿ ಅದನ್ನು ಪಡೆದುಕೊಂಡವರು ಯೂನಿಟೇರಿಯನ್ ಪಂಥದವರು. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಎಂದು ಮೂರಾಗಿ ಹೇಳುವುದನ್ನು ಒಪ್ಪೆವು ಎಂದವರು ಇವರು. ಸರ್ಕಾರದ ಅಧಿಕೃತ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟಂಟರಿಗೆ 1689ರ ಕಾನೂನು ಪ್ರತ್ಯೇಕವಾಗಿ ಪ್ರಾರ್ಥಿಸುವ ಸ್ವಾತಂತ್ರ್ಯ ಕೊಟ್ಟಿತ್ತು, ಆದರೆ ಹೀಗೆ ನಂಬುವವರಿಗೆ ಕೊಟ್ಟಿರಲಿಲ್ಲ. ಅವರಿಗೆ ಅದು ಸಿಕ್ಕಿದ್ದು 1813ರಲ್ಲಿ! ಹತ್ತಿರದ ಟೈವಿ ಕಣಿವೆಯಲ್ಲಿ ಇವರ ಸಂಖ್ಯೆ ಹೆಚ್ಚಾಗಿತ್ತೆಂದು ಎದುರಾಳಿಗಳು ಆ ಸೀಮೆಗೇ ‘ಕಪ್ಪು ಚುಕ್ಕೆ’ ಎಂದು ಹೆಸರಿಟ್ಟಿದ್ದರು.

ಒಳಗೆ ಕಾಲಿಟ್ಟರೆ ನೆಲ ಮಣ್ಣಿನದು, ಬಡಿದು ಗಟ್ಟಿ ಮಾಡಿದ್ದು. ಚರ್ಚುಗಳಲ್ಲಿ ಸಾಮಾನ್ಯವಾಗಿ ಉದ್ದನೆಯ ಕೋಣೆಯ ತುದಿಯಲ್ಲಿ ಪೂಜಾಪೀಠ ಇರುತ್ತದೆ. ಹಿಂದೆ ಕೂತವರಿಗೆ ಎಲ್ಲವೂ ದೂರ. ಇಲ್ಲಿ ಹಾಗಲ್ಲ. ಉದ್ದ ಗೋಡೆಯ ನಟ್ಟನಡುವೆ, ಎರಡು ಕಿಟಕಿಗಳ ಮಧ್ಯೆ, ಉಪದೇಶಕನ ಎತ್ತರದ ಮರದ ಕಟಾಂಜನ. ಓದುವವನಿಗೆ ಬೆಳಕು, ಕೇಳುವವರಿಗೆಲ್ಲ ಮಾತು ಸಮೀಪ. ಜನ ಹೆಚ್ಚಾದ ಮೇಲೆ, 19ನೇ ಶತಮಾನದ ಮೊದಲ ಭಾಗದಲ್ಲಿ, ಮೂರು ಕಡೆ ಮರದ ಅಟ್ಟಣಿಗೆ ಸೇರಿಸಿದರು. ಮೇಲೆ ಕೂತರೂ ಕಿವಿಗೆ ದೂರವಾಗದು. ನೋಡುವುದಕ್ಕಲ್ಲ, ಕೇಳುವುದಕ್ಕೆಂದೇ ಕಟ್ಟಿಕೊಂಡ ಮನೆ ಇದು.

ನನಗೆ ತುಂಬ ಹಿಡಿಸಿದ್ದು ಆಸನಗಳು. ಬೆಂಚುಗಳಲ್ಲ, ಸುತ್ತ ಹಲಗೆ ಕಟ್ಟಿ ಪುಟ್ಟ ಬಾಗಿಲಿಟ್ಟ ಪೆಟ್ಟಿಗೆಗಳು. ಒಳಗೆ ಕಾಲಡಿಗೆ ಹಲಗೆ ಹಾಸಿರುವುದರಿಂದ ಮಣ್ಣಿನ ಥಂಡಿ ತಟ್ಟದು, ಚಳಿಗಾಳಿಯೂ ನುಗ್ಗದು. ಒಂದಿದ್ದಂತೆ ಇನ್ನೊಂದಿಲ್ಲ, ಏಕೆಂದರೆ ಆಯಾ ಕುಟುಂಬ ತನ್ನ ಪೆಟ್ಟಿಗೆಯನ್ನು ತನ್ನದೇ ಖರ್ಚಿನಲ್ಲಿ ಮಾಡಿಸಿಕೊಂಡಿತ್ತು. ಯಾರ ಕೈ ಬಿಗಿ, ಯಾರ ಕೈ ಸಡಿಲ ಎಂಬುದು ಹಲಗೆಯ ಮೇಲೆ ಇಂದಿಗೂ ಓದಲು ಸಿಗುತ್ತದೆ, ಹಳೆಯ ಲೆಡ್ಜರಿನಂತೆ. ದೇವರೆದುರಲ್ಲೂ ನಮ್ಮ ಪೆಟ್ಟಿಗೆ ಬೇರೆ ಎನ್ನುವುದು ನನಗೆ ಪೂರ್ತಿ ಸರಿಯೆನಿಸಲಿಲ್ಲ. ಆದರೆ ನೇಕಾರರೂ ರೈತರೂ ಯಾವ ದೊರೆಯ ಹಂಗೂ ಇಲ್ಲದೆ ಹೀಗೆ ಸಜ್ಜು ಮಾಡಿಕೊಂಡರಲ್ಲ, ಅದಕ್ಕೆ ತಲೆಬಾಗಿದೆ.

ವೇಲ್ಸ್‌ನಲ್ಲಿ ಈಗ ಚಾಪೆಲ್‌ಗೆ ಹೋಗುವವರು ಕಡಿಮೆ. ಎಷ್ಟೋ ಚಾಪೆಲ್‌ಗಳು ಮುಚ್ಚಿವೆ. ಕೆಲವು ವಾಸದ ಮನೆಗಳಾಗಿವೆ, ಕೆಲವು ನೆಲಸಮವಾಗಿವೆ. ಪೆನ್‌ರಿಯು ಮಾತ್ರ ಕಳಚಿಸಿಕೊಂಡು ಬಂದು 1956ರಲ್ಲಿ ಇಲ್ಲಿ ಮತ್ತೆ ಬಾಗಿಲು ತೆರೆಯಿತು.

“ಅಜ್ಜ, ಅವರ ಊರಲ್ಲೇ ಬಿಡಬಹುದಿತ್ತಲ್ವಾ? ಪೆಟ್ಟಿಗೆ ಮಾಡಿಸಿದವರ ಮಕ್ಕಳು ಎಲ್ಲಿ ಕೂರ್ತಾರೆ?” ಎಂದಳು ಮೊಮ್ಮಗಳು.

“ಬಿಟ್ಟಿದ್ದರೆ ಮಾಡು ಕುಸಿದು ಹೋಗ್ತಿತ್ತೇನೋ ಪುಟ್ಟಿ,” ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಧವೇ.

ಆಮೇಲೆ ಒಂದು ಪರೀಕ್ಷೆ ಮಾಡಿದೆವು. ನಾನು ಆ ಕಡೆ ಗೋಡೆಗೆ ಒರಗಿ ನಿಂತೆ, ಅವಳು ಕಟಾಂಜನದ ಬುಡದಲ್ಲಿ ನಿಂತು ಮೆಲ್ಲಗೆ ಏಳರ ಮಗ್ಗಿ ಹೇಳಿದಳು. ಏಳೆಂಟ್ಲ ಐವತ್ತಾರಿನವರೆಗೆ ಒಂದಕ್ಷರವೂ ಬಿಡದೆ ಕೇಳಿಸಿತು. ಮುಂದಿನದನ್ನು ಅವಳೇ ನುಂಗಿದಳು.