ಕಡಲಂಚಿನಲ್ಲಿ ತಿಂಗಳಿಗೊಂದು ಚಿತ್ರ

ಸಿಡ್ನಿಯಲ್ಲಿರುವವರೆಲ್ಲ ಕಡಲ ದಡದಲ್ಲೇ ಬದುಕುತ್ತಾರೆಂದು ಊರಿನ ಬಂಧುಗಳು ಭಾವಿಸುವುದುಂಟು. ವಾಸ್ತವದಲ್ಲಿ ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವುದು ನಗರದ ಪಶ್ಚಿಮ ಹಾಗೂ ವಾಯವ್ಯ ಬಡಾವಣೆಗಳಲ್ಲಿ. ನಾನಿರುವ ರೌಸ್ ಹಿಲ್‌ನಿಂದ ಸಮುದ್ರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಉದ್ಯೋಗ, ಮನೆಸಾಲ, ಮಕ್ಕಳ ತರಗತಿಗಳ ನಡುವೆ ತಿಂಗಳುಗಟ್ಟಲೆ ಕಡಲನ್ನು ಕಾಣದೆಯೇ ಇರಬಹುದು.

ಅದಕ್ಕಾಗಿ ನನಗೆ ನಾನೇ ಒಂದು ಪಂಥ ಕಟ್ಟಿಕೊಂಡೆ. ವರ್ಷವಿಡೀ ತಿಂಗಳಿಗೊಂದು ತೀರ. ತೆಗೆದ ಚಿತ್ರಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕು.

ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಲ್ಲಿ ಕಡಲಿನಿಂದ ಏಳುತ್ತಾನೆ. ಜೂನ್‌ನಲ್ಲಿ ಏಳು ಗಂಟೆಯ ಸುಮಾರಿಗೆ, ಡಿಸೆಂಬರ್‌ನಲ್ಲಿ ಆರಕ್ಕೂ ಮೊದಲೇ ಸೂರ್ಯೋದಯ. ನ್ಯಾರಬೀನ್ ಬಳಿಯ ಟುರಿಮೆಟ್ಟಾ ತೀರದಲ್ಲಿ ಹಸಿರು ಪಾಚಿ ಹೊದ್ದ ಬಂಡೆಗಳ ಮೇಲೆ ಅಲೆ ಹರಿದು ಹಿಂದೆ ಸರಿಯುತ್ತದೆ. ಟ್ರೈಪಾಡ್‌ನ ಮೇಲೆ ಅರ್ಧ ಸೆಕೆಂಡ್ ಷಟರ್ ತೆರೆದಿಟ್ಟರೆ ನೀರಿನ ಗೆರೆಗಳು ಉಳಿಯುತ್ತವೆ. ಕಪ್ಪು ಫಿಲ್ಟರ್ ಹಾಕಿ ಮೂವತ್ತು ಸೆಕೆಂಡ್ ಕಾದರೆ ಕಡಲೇ ಮಂಜಾಗುತ್ತದೆ.

ದಕ್ಷಿಣದ ಕಯಾಮಾ ಸಮೀಪದ ಬಾಂಬೊದಲ್ಲಿ, ಹಳೆಯ ಕಲ್ಲುಗಣಿಯೊಳಗೆ ಕಂಬದಂತಹ ಶಿಲೆಗಳಿವೆ. ಅವುಗಳನ್ನು ಕಂಡೊಡನೆ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪ ನೆನಪಾಗುತ್ತದೆ. ಕಾಲವೂ ಶಿಲೆಯೂ ಬೇರೆಯಾದರೂ ರೂಪುಗೊಂಡ ಬಗೆ ಒಂದೇ: ಲಾವಾ ತಣಿದು ಕುಗ್ಗುವಾಗ ಬಿರಿದು ಕಂಬಗಳಾಗುತ್ತದೆ.

ಮೆಲ್ಬರ್ನ್‌ನ ಪಶ್ಚಿಮಕ್ಕಿರುವ ಗ್ರೇಟ್ ಓಷನ್ ರೋಡ್ ಕಡೆಯ ಸುಣ್ಣಕಲ್ಲಿನ ತೀರ ಇನ್ನೊಂದು ಪಾಠ ಹೇಳುತ್ತದೆ. 'ಲಂಡನ್ ಬ್ರಿಜ್' ಎಂಬ ಕಲ್ಲಿನ ಸೇತುವೆಯ ಒಂದು ಕಮಾನು 1990ರ ಜನವರಿಯಲ್ಲಿ ಕುಸಿದಾಗ ಆಚೆ ಸಿಲುಕಿದ ಇಬ್ಬರನ್ನು ಹೆಲಿಕಾಪ್ಟರ್ ಕರೆತಂದಿತು. 2005ರ ಜುಲೈನಲ್ಲಿ 'ಟ್ವೆಲ್ವ್ ಅಪಾಸಲ್ಸ್' ಶಿಲಾಸ್ತಂಭಗಳಲ್ಲಿ ಒಂದು ಕ್ಷಣಾರ್ಧದಲ್ಲಿ ಉರುಳಿತು. ಅದರ ಹಳೆಯ ಛಾಯಾಚಿತ್ರಗಳು ಇಂದು ದಾಖಲೆಗಳಾಗಿವೆ.

ಬರಲಿರುವ ಕಿರಿಯರಿಗೆ ವೈದ್ಯನಾಗಿ ಒಂದು ಮಾತು. ಇಲ್ಲಿನ ಬಂಡೆಗಳಿಂದ ಅಲೆಗಳು ಪ್ರಾಣ ಕೊಂಡೊಯ್ದ ಪ್ರಸಂಗಗಳು ಕಡಿಮೆಯಲ್ಲ. ಉಬ್ಬರವಿಳಿತದ ವೇಳೆ, ಅಲೆಗಳ ಎತ್ತರದ ಮುನ್ಸೂಚನೆ ಎರಡನ್ನೂ ನೋಡಿಕೊಂಡೇ ಹೊರಡಿ. ಇಳಿಯುವ ಮೊದಲು ಕಾಲು ಗಂಟೆ ಮೇಲೆಯೇ ನಿಂತು ಅಲೆಗಳನ್ನು ಗಮನಿಸಿ. ಒದ್ದೆಯಾದ ಬಂಡೆಗೆ ನೀರು ಮತ್ತೆ ಬಂದೇ ಬರುತ್ತದೆ. ಒಬ್ಬರೇ ಹೋಗಬೇಡಿ, ಕಡಲಿಗೆ ಬೆನ್ನು ಮಾಡಬೇಡಿ. ಆಪತ್ತಿಗೆ ಕರೆಯಬೇಕಾದ ಸಂಖ್ಯೆ 000.

ದುಬಾರಿ ಕ್ಯಾಮೆರಾ ಬೇಕಿಲ್ಲ, ಮೊಬೈಲ್ ಸಾಕು. ಹನ್ನೆರಡು ಚಿತ್ರಗಳು ಕೂಡಿದಾಗ ಒಂದು ಕ್ಯಾಲೆಂಡರ್ ಆಗುತ್ತದೆ. ಊರಿನ ಮನೆಯ ಗೋಡೆಗೆ ಅದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.